ಹೊಲದಲ್ಲಿ ಬಿಟ್ಟ ಗಂಟು

ಬೆಳೆಗಾರರ ಸಂಘದವರು ಪ್ರತಿ ವರ್ಷ ಒಂದು ತೆಳ್ಳಗಿನ ಪುಸ್ತಕ ಅಚ್ಚು ಹಾಕಿಸುತ್ತಾರೆ. ಯಾರ ಹೊಲದ ಗೋಧಿ ಆ ವರ್ಷ ಎಲ್ಲರಿಗೂ ಬಿತ್ತನೆ ಬೀಜವಾಗಿ ಹೋಗುತ್ತದೆಯೋ ಅವರ ಪರಿಚಯ ಮೊದಲ ಪುಟದಲ್ಲಿ ಬರುತ್ತದೆ. ಹತ್ತು ವರ್ಷ ಆ ಪುಟ ನನ್ನದಾಗಿತ್ತು. ಈಗ ಮೂರು ವರ್ಷದಿಂದ ನನ್ನ ಓರಗಿತ್ತಿಯದು. ಮೊದಲೆರಡು ವರ್ಷ ಅವಳ ಹೆಸರಿನ ಕೆಳಗೆ ಏನೂ ಬರೆಯಲಾಗಲಿಲ್ಲ, ಏಕೆಂದರೆ ಅವಳು ಬಾಯಿ ಬಿಡಲಿಲ್ಲ. ಈ ಸಲ ಸಂಘದ ಗುಮಾಸ್ತ ನನ್ನ ಬಾಗಿಲಿಗೆ ಬಂದು, "ನೀವೇ ಬರ್ದುಕೊಡಿ, ನಿಮಗಿಂತ ಹತ್ತಿರದವರು ಯಾರಿದಾರೆ" ಎಂದ. ಹತ್ತಿರದವಳು ಹೌದು. ನಮ್ಮಿಬ್ಬರ ನಡುವೆ ಇರುವುದು ಒಂದು ಇಟ್ಟಿಗೆ ದಪ್ಪದ ಗೋಡೆ. ಅವಳು ಕೆಮ್ಮಿದರೆ ನನ್ನ ಅಡುಗೆಮನೆಗೆ ಕೇಳಿಸುತ್ತದೆ. ಬರೆಯುತ್ತೇನೆ, ಆದರೆ ಒಳ್ಳೆಯ ಮಾತೇ ಬೇಕೆಂದರೆ ಅವರು ಬೇರೆ ಮನೆ ನೋಡಿಕೊಳ್ಳಲಿ.

ಅವಳನ್ನು ನಾನು ಅಕ್ಕ ಎನ್ನುತ್ತೇನೆ. ಗಂಡನ ಅಣ್ಣನ ಹೆಂಡತಿಯನ್ನು ಇನ್ನೇನೆಂದು ಕರೆಯಲಿ? ಬೆನ್ನ ಹಿಂದೆ ಎಲ್ಲರೂ ಕರೆಯುವುದು ಗಂಟುಮೋರೆ ಎಂದು. ಆ ಹೆಸರು ನಾನಿಟ್ಟದ್ದಲ್ಲ, ನಾನು ಬರುವ ಮೊದಲೇ ಇತ್ತು. ಎತ್ತರದ ಹೆಂಗಸು, ಮೊಣಕೈ ಚೂಪು, ನಡೆದರೆ ನೆಲಕ್ಕೆ ಬುದ್ಧಿ ಕಲಿಸುವವಳ ಹಾಗೆ ಹಿಮ್ಮಡಿ ಊರುತ್ತಾಳೆ. ನಾನು ಮದುವೆಯಾಗಿ ಆ ಮನೆಗೆ ಕಾಲಿಟ್ಟ ದಿನ ಉಳಿದವರೆಲ್ಲ ನನ್ನ ಮುಖ ನೋಡಿದರು. ಅವಳು ನನ್ನ ಕೈ ಹಿಡಿದು ತಿರುಗಿಸಿ ಅಂಗೈ ನೋಡಿದಳು. "ಮೆತ್ತಗಿದೆ" ಅಂದಳು. ಅಷ್ಟೇ ಸ್ವಾಗತ. ಆ ಒಂದು ಮಾತು ನನ್ನ ಗಂಟಲಲ್ಲಿ ಎಷ್ಟು ವರ್ಷ ಮುಳ್ಳಾಗಿ ಕೂತಿತ್ತೆಂದರೆ, ಅವಳು ಆಮೇಲೆ ಬೆಲ್ಲದಂಥ ಮಾತಾಡಿದ್ದರೂ ಅದು ಇಳಿಯುತ್ತಿರಲಿಲ್ಲ. ಅವಳು ಬೆಲ್ಲದಂಥ ಮಾತೇನೂ ಆಡಲೂ ಇಲ್ಲ.

ಅವಳ ಅಪ್ಪ ಬೇಳೆ ಒಡೆಯುವ ಗಿರಣಿಯಲ್ಲಿ ಕೆಲಸಕ್ಕಿದ್ದವನು. ತವರಿನಿಂದ ಅವಳು ತಂದದ್ದು ಎರಡು ಜೊತೆ ಬಟ್ಟೆ, ಒಂದು ಕುಡುಗೋಲು. ಹಿಡಿ ಸವೆದು ಅವಳ ಬೆರಳಿನ ಅಚ್ಚು ಬಿದ್ದ ಆ ಕುಡುಗೋಲನ್ನು ಅವಳು ಬೇರೆಯವರಿಗೆ ಮುಟ್ಟಗೊಡುವುದಿಲ್ಲ. ನಾನು ಮಾತ್ರ ಗೋಧಿಯ ಮನೆಯಿಂದ ಬಂದವಳು. ನಮ್ಮಪ್ಪನ ಹೊಲದಲ್ಲಿ ಗೋಧಿ ಬಿಟ್ಟು ಬೇರೆ ಬೆಳೆಯನ್ನು ನಾನು ಕಂಡವಳಲ್ಲ, ಅದನ್ನು ಹೇಳಿಕೊಳ್ಳದೆ ಬಿಟ್ಟವಳೂ ಅಲ್ಲ.

ನಮ್ಮ ಗಂಡಂದಿರಿಬ್ಬರೂ ಲಾರಿ ಓಡಿಸುವವರು. ಮನೆಗೆ ನೆಂಟರ ಹಾಗೆ ಬರುತ್ತಿದ್ದರು, ಉಂಡು ಮಲಗಿ ಎದ್ದು ಹೋಗುತ್ತಿದ್ದರು. ಬೇಸಾಯವೆಲ್ಲ ಅತ್ತೆಯ ಕೈಯಲ್ಲಿತ್ತು. ಅತ್ತೆಗೆ ಮೊಣಕಾಲು ಹಿಡಿದುಕೊಂಡ ಮೇಲೆ ಸೊಸೆಯರ ಕೈಗೆ ಬಂತು. ಹೊಲ ಎರಡು, ನಾಲ್ಕು ನಾಲ್ಕು ಎಕರೆ. ಮೇಲಿನದು ಕಲ್ಲು ಕಲ್ಲು, ಕೆಳಗಿನದು ಬಾವಿಗೆ ಹತ್ತಿರ, ಮಣ್ಣೂ ಆಳ. ಯಾರಿಗೆ ಯಾವುದು ಕೊಟ್ಟರೂ ಜಗಳ ತಪ್ಪದೆಂದು ಅತ್ತೆ ಒಂದು ಕಟ್ಟಳೆ ಮಾಡಿದರು. ಒಂದು ವರ್ಷ ಕೆಳಗಿನ ಹೊಲ ದೊಡ್ಡವಳಿಗೆ, ಮೇಲಿನದು ಚಿಕ್ಕವಳಿಗೆ. ಮರುವರ್ಷ ಬಿತ್ತನೆಗೆ ಮೊದಲು ಅದಲು ಬದಲು. ಬಿತ್ತುವುದು ಏನೆಂಬುದು ಅವರವರ ಇಷ್ಟ.

ನಾನು ಎಲ್ಲಿದ್ದರೂ ಗೋಧಿ ಬಿತ್ತಿದೆ. ಅಕ್ಕ ಎಲ್ಲಿದ್ದರೂ ಕಡಲೆ ಬಿತ್ತಿದಳು.

ಕಟ್ಟಳೆ ಮಾಡಿದ ವರ್ಷವೇ ಒಂದು ಮಧ್ಯಾಹ್ನ ಅತ್ತೆಯ ಕೋಣೆಗೆ ನೀರು ಕೊಡಲೆಂದು ಹೋದವಳು ಬಾಗಿಲಲ್ಲೇ ನಿಂತೆ. ಒಳಗೆ ಅತ್ತೆ ಮೆಲ್ಲಗೆ ಹೇಳುತ್ತಿದ್ದರು, "ಗಂಟು ಹೊಲದಲ್ಲೇ ಬಿಡು. ಕಿತ್ಕೊಂಡು ಮನೆಗೆ ತರ್ಬೇಡ."

"ಚಿಕ್ಕವಳಿಗೆ ಹೇಳ್ಬೇಕಾ?" ಅಕ್ಕನ ದನಿ.

"ಅವಳಿಗ್ಯಾಕೆ? ಅವಳು ಬಿತ್ತೋದು ಗೋಧಿ ತಾನೆ."

ನಾನು ಸದ್ದಿಲ್ಲದೆ ನೀರಿನ ಲೋಟ ವಾಪಸ್ಸು ತಂದು ಒಲೆಯ ಪಕ್ಕ ಇಟ್ಟೆ. ಮನೆಯಲ್ಲಿ ಅತ್ತೆಯ ಮದುವೆಯ ಫೋಟೋ ಒಂದಿದೆ. ಅದರಲ್ಲಿ ಅವರ ಕೊರಳಲ್ಲಿ ಹೆಬ್ಬೆರಳು ದಪ್ಪದ ಸರ. ನಾನು ಬಂದಾಗಿನಿಂದ ಅದನ್ನು ಕಣ್ಣಲ್ಲಿ ಕಂಡಿರಲಿಲ್ಲ. ಕೇಳಿದರೆ ಅಕ್ಕ, "ಬಾವಿ ತೋಡಿಸೋಕೆ ಮಾರಿದ್ರು" ಎನ್ನುತ್ತಿದ್ದಳು. ಈಗ ನನಗೆ ಎಲ್ಲವೂ ಹಗಲಿನಷ್ಟು ನಿಚ್ಚಳವಾಯಿತು. ಸರವನ್ನು ಗಂಟು ಕಟ್ಟಿ ಹೊಲದಲ್ಲಿ ಹೂತಿದ್ದಾರೆ, ಜಾಗ ದೊಡ್ಡವಳಿಗೆ ಗೊತ್ತು, ನಾನು ಗೋಧಿ ಬಿತ್ತುವ ಪೆದ್ದಿ. ಎರಡು ವರ್ಷದ ಮೇಲೆ ಅತ್ತೆ ತೀರಿಕೊಂಡರು. ಪೆಟ್ಟಿಗೆ ತೆಗೆದರೆ ಸರ ಇರಲಿಲ್ಲ.

ನನ್ನ ಗೋಧಿಯ ಬಗ್ಗೆ ಎರಡು ಮಾತು ಹೇಳಲೇಬೇಕು, ಇಲ್ಲದಿದ್ದರೆ ನಾನು ಕಳೆದುಕೊಂಡದ್ದು ಏನೆಂದು ತಿಳಿಯುವುದಿಲ್ಲ. ನಾವು ಬೆಳೆಯುವುದು ರವೆ ಗಿರಣಿಯವರು ಕೇಳುವ ಗಟ್ಟಿ ಗೋಧಿ. ಕಾಳು ಜೇನಿನ ಬಣ್ಣ ಇರಬೇಕು, ಅಡ್ಡ ಕತ್ತರಿಸಿದರೆ ಒಳಗೂ ಗಾಜಿನ ಹಾಗೆ ಹೊಳೆಯಬೇಕು. ಒಳಗೆ ಸುಣ್ಣದಂಥ ಬಿಳಿ ಕಂಡರೆ ಅದಕ್ಕೆ ಬಿಳಿಹೊಟ್ಟೆ ಎನ್ನುತ್ತಾರೆ. ಬಿಳಿಹೊಟ್ಟೆ ಗೋಧಿ ಗಿರಣಿಯಲ್ಲಿ ರವೆಯಾಗದೆ ಹಿಟ್ಟಾಗಿ ಉದುರುತ್ತದೆ. ನನ್ನ ಕಾಳಿನಲ್ಲಿ ಬಿಳಿಹೊಟ್ಟೆ ಹುಡುಕಿದರೂ ಸಿಗುತ್ತಿರಲಿಲ್ಲ. ಯೂರಿಯಾವನ್ನು ಅಕ್ಕಪಕ್ಕದವರು ಸುರಿಯುವುದರ ಅರ್ಧ ಹಾಕಿದರೂ ನನ್ನ ಪೈರು ಕಡುಹಸಿರಾಗಿ ನಿಲ್ಲುತ್ತಿತ್ತು. ಸುತ್ತಲಿನವರು ಬಂದು ಗುಟ್ಟೇನೆಂದು ಕೇಳುವರು. ನಾನು ನಮ್ಮಪ್ಪನ ಮನೆಯಿಂದ ಬಂದ ಕೈಗುಣ ಎನ್ನುತ್ತಿದ್ದೆ. ಅದು ಸುಳ್ಳೆಂದು ನನಗೆ ಗೊತ್ತಿರಲಿಲ್ಲ. ಹತ್ತು ಜನರ ಮುಂದೆ ಹೇಳಿ ಹೇಳಿ ನಾನೇ ನಂಬಿಕೊಂಡಿದ್ದೆ.

ಬದುವಿನ ಆಚೆ ಅಕ್ಕ ಕಡಲೆಯಲ್ಲಿ ಬಗ್ಗಿರುತ್ತಿದ್ದಳು. ನನಗೆ ಗೋಧಿರಾಣಿ ಎಂದು ಹೆಸರಿಟ್ಟವಳು ಅವಳೇ. "ಗೋಧಿರಾಣಿ ಬಂದ್ರು, ದಾರಿ ಬಿಡಿ" ಎಂದು ಆಳುಗಳಿಗೆ ಹೇಳುವಳು, ಮುಖದಲ್ಲಿ ನಗುವಿನ ಸುಳಿವೂ ಇಲ್ಲದೆ. ನನ್ನ ಕೋಳಿ ಅವಳ ಕಡಲೆ ರಾಶಿಗೆ ಹೋದರೆ ಕಾಲು ಕಟ್ಟಿ ಗೇಟಿನ ಮೇಲೆ ನೇತುಹಾಕಿ ಹೋಗುವಳು. ಪಂಪಿನ ಕೀಲಿ ಅವಳ ಸರದಿ ಮುಗಿದ ಮೇಲೆ ಎಂದೂ ನನ್ನ ಕೈಗೆ ಬರುತ್ತಿರಲಿಲ್ಲ, ಹೊಸ್ತಿಲ ಮೇಲೆ ಠಣ್ಣೆಂದು ಬೀಳುತ್ತಿತ್ತು. ಅವಳ ಕೊಯ್ಲಂತೂ ನೋಡುವವರಿಗೆ ಸಿಟ್ಟು ತರಿಸುವಂಥದು. ಒಣಗಿದ ಕಡಲೆ ಗಿಡವನ್ನು ಎಲ್ಲರೂ ಕಿತ್ತು ಗುಡ್ಡೆ ಹಾಕುತ್ತಾರೆ, ಹಿಡಿದು ಎಳೆದರೆ ಬರುತ್ತದೆ, ಕೆಲಸ ಸಲೀಸು. ಇವಳು ಕೀಳಗೊಡುವುದಿಲ್ಲ. ನೆಲಕ್ಕೆ ಬಗ್ಗಿ ಒಂದೊಂದೇ ಬುಡಕ್ಕೆ ಕುಡುಗೋಲು ಹಾಕಬೇಕು. ಗಿಡದ ಹುಳಿ ಕೈಗೆ ಹತ್ತಿ ಉರಿ, ಬುಡ ತಂತಿಯಷ್ಟು ಗಟ್ಟಿ. ಆಳುಗಳು ಅವಳ ಮುಂದೆ ಹಲ್ಲು ಕಚ್ಚಿಕೊಂಡು, ನನ್ನ ಮುಂದೆ ಬಾಯಿಗೆ ಬಂದ ಹಾಗೆ ಬೈದು ಹೋಗುವರು. ಅವರಿಗೆ ಕುಡಿಯಲು ನೀರು ಕೊಡುವಾಗ ನನಗೆ ಒಳಗೊಳಗೇ ಖುಷಿಯಾಗುತ್ತಿತ್ತು.

ಆದರೆ ನನ್ನ ಕಣ್ಣು ಇನ್ನೊಂದರ ಮೇಲೆ ಇತ್ತು. ಕಡಲೆ ಹೂ ಬಿಡುವ ಹೊತ್ತಿಗೆ ಪ್ರತಿ ವರ್ಷ ಅವಳು ಒಬ್ಬಳೇ ಹೊಲದ ಮಧ್ಯೆ ಕುಕ್ಕರುಗಾಲಲ್ಲಿ ಕೂರುತ್ತಾಳೆ. ಸಣ್ಣ ಸಲಿಕೆಯಿಂದ ಅಗೆಯುತ್ತಾಳೆ. ಚೊಂಬಿನ ನೀರಿನಲ್ಲಿ ಏನನ್ನೋ ತೊಳೆಯುತ್ತಾಳೆ, ಉಗುರಿನಿಂದ ಒತ್ತಿ ಬೆಳಕಿಗೆ ಹಿಡಿದು ನೋಡುತ್ತಾಳೆ, ಮತ್ತೆ ಮಣ್ಣು ಮುಚ್ಚುತ್ತಾಳೆ. ಬದುವಿನ ಮರದ ಹಿಂದೆ ನಿಂತು ಹನ್ನೊಂದು ವರ್ಷ ಇದನ್ನು ನೋಡಿದೆ. ಗಂಟು ಇದ್ದ ಜಾಗದಲ್ಲಿ ಇದೆಯೋ ಇಲ್ಲವೋ ಎಂದು ನೋಡಿಕೊಳ್ಳುತ್ತಾಳೆ ಎಂದು ನನ್ನ ಲೆಕ್ಕ. ಮೇಲಿನ ಹೊಲದಲ್ಲಿ ಒಂದು ಕಡೆ ಕೂತರೆ ಕೆಳಗಿನದರಲ್ಲಿ ನಾಲ್ಕು ಕಡೆ ಕೂರುತ್ತಿದ್ದಳು. ಹಾಗಾಗಿ ಗಂಟು ಕೆಳಗಿನ ಹೊಲದಲ್ಲೇ ಎಂದು ಖಾತ್ರಿ ಮಾಡಿಕೊಂಡೆ.

ಹನ್ನೊಂದನೆಯ ವರ್ಷ ಕೆಳಗಿನ ಹೊಲ ಅವಳ ಸರದಿ. ಅವಳು ಹಲ್ಲು ಕೀಳಿಸಿಕೊಳ್ಳಲು ಪೇಟೆಗೆ ಹೋದ ದಿನ ನಾನು ಗುದ್ದಲಿ ಹಿಡಿದು ಹೋದೆ. ಅವಳು ಕೂತಿದ್ದ ನಾಲ್ಕೂ ಕಡೆ ಮೊಣಕಾಲುದ್ದ ಅಗೆದೆ. ಅಡ್ಡ ಬಂದ ಗಿಡಗಳನ್ನು ಬುಡಸಮೇತ ಕಿತ್ತು ಎಸೆದೆ. ಏನೂ ಸಿಗಲಿಲ್ಲ. ಗುಂಡಿ ಮುಚ್ಚುವಷ್ಟರಲ್ಲಿ ಅವಳು ಕೆನ್ನೆಗೆ ಬಟ್ಟೆ ಒತ್ತಿಕೊಂಡು ಬದುವಿನ ಮೇಲೆ ನಿಂತಿದ್ದಳು.

"ಯಾಕೆ ಅಗೆದೆ?" ಅಂದಳು. ಹಲ್ಲು ಕೀಳಿಸಿದ ಬಾಯಿ, ಮಾತು ತೊದಲುತ್ತಿತ್ತು.

"ಗಂಟಿಗೆ. ಅತ್ತೆ ಹೇಳಿದ್ರಲ್ಲ, ಹೊಲದಲ್ಲೇ ಬಿಡು, ಚಿಕ್ಕವಳಿಗೆ ಯಾಕೆ ಅಂತ. ಬಾಗಿಲ ಹಿಂದೆ ನಿಂತು ಎಲ್ಲಾ ಕೇಳಿಸ್ಕೊಂಡಿದೀನಿ. ನೀನು ಕಳ್ಳಿ." ಅಲ್ಲಿಯವರೆಗೆ ನೀವು ಎನ್ನುತ್ತಿದ್ದವಳು ಅಂದು ನೀನು ಎಂದೆ.

ಅವಳು ಬಗ್ಗಿ ನಾನು ಕಿತ್ತೆಸೆದ ಗಿಡವೊಂದನ್ನು ಎತ್ತಿಕೊಂಡಳು. ಅದರ ಬೇರು ನೋಡಿದಳು. ನನ್ನನ್ನು ನೋಡಿದಳು. ಮೋರೆಯ ಗಂಟು ಒಂದು ಗಳಿಗೆ ಸಡಿಲಾಯಿತು. ಸಿಕ್ಕಿಬಿದ್ದ ಕಳ್ಳಿಯ ಮುಖ ಎಂದುಕೊಂಡೆ.

"ಹೌದು" ಅಂದಳು. "ಗಂಟು ಹೊಲದಲ್ಲೇ ಇದೆ."

"ಎಲ್ಲಿ?"

"ಎಲ್ಲಾ ಕಡೆ. ಹುಡ್ಕೊ."

ಮೈಯೆಲ್ಲ ಉರಿದುಹೋಯಿತು. ಆ ವಾರವೇ ಗಂಡಂದಿರಿಬ್ಬರನ್ನೂ ಕರೆಸಿ, ಇನ್ನು ಅದಲು ಬದಲು ಸಾಧ್ಯವಿಲ್ಲ, ಹೊಲ ಪಾಲಾಗಲಿ, ಕೆಳಗಿನದು ನನಗೆ ಬೇಕು ಎಂದು ಹಟ ಹಿಡಿದೆ. ನನ್ನ ಗಂಡನಿಗೆ ನಾಚಿಕೆ. "ಕೆಳಗಿನದು ಒಳ್ಳೇ ಹೊಲ, ಅತ್ತಿಗೆ ಹೇಗೆ ಒಪ್ತಾರೆ" ಎಂದು ಗೊಣಗಿದ. ಅಕ್ಕ ಕೈ ತೊಳೆದು ಬಂದು, "ಕೆಳಗಿನದೇ ಕೊಡಿ ಅವಳಿಗೆ" ಎಂದಳು. ಅಷ್ಟು ಸುಲಭಕ್ಕೆ ಒಪ್ಪಿದಳಲ್ಲ ಎಂದು ನಾನು ಅನುಮಾನ ಪಡಬೇಕಿತ್ತು. ಗೆದ್ದ ಅಮಲಿನಲ್ಲಿ ಪಡಲಿಲ್ಲ. ಅಳತೆಯವನು ಬಂದು ಕಲ್ಲು ನೆಟ್ಟ. ಮನೆಯೂ ಪಾಲಾಯಿತು. ಅಡುಗೆಮನೆಯನ್ನು ನಡುವೆ ಸೀಳಿ ಗೋಡೆ ಎಬ್ಬಿಸಿದರು. ಕಿಟಕಿ ಅವಳ ಕಡೆ ಹೋಯಿತು, ಹೊಗೆ ಹೋಗುವ ಕೊಳವೆ ನನ್ನ ಕಡೆ ಬಂತು. ಅಂದಿನಿಂದ ಅವಳ ಮನೆಯೊಳಗೆ ಹೊಗೆ, ನನ್ನ ಮನೆಯೊಳಗೆ ಕತ್ತಲೆ.

ಅವಳ ಕಡಲೆ ಕೊಯ್ಲು ಮುಗಿದು ಕೆಳಗಿನ ಹೊಲ ನನ್ನದಾದ ಬೇಸಿಗೆಯಲ್ಲಿ ಟ್ರ್ಯಾಕ್ಟರ್ ತರಿಸಿ ಆಳವಾಗಿ ಉಳುಮೆ ಮಾಡಿಸಿದೆ, ಒಂದಲ್ಲ ಮೂರು ಸಲ. ನೇಗಿಲ ಹಿಂದೆ ನಾನೇ ನಡೆದೆ. ಸಿಕ್ಕಿದ್ದು ಒಂದು ತುಕ್ಕು ಹಿಡಿದ ಚಿಲಕ, ಒಡೆದ ಚೀನಿ ಬಟ್ಟಲು, ಯಾವುದೋ ನಾಯಿಯ ದವಡೆ. ಟ್ರ್ಯಾಕ್ಟರಿನವನು "ಏನು ಕಳ್ಕೊಂಡಿದೀರಿ" ಎಂದು ಕೇಳಿದ. ನಿನ್ನ ಕೆಲಸ ನೀನು ನೋಡು ಎಂದೆ. ಆ ವರ್ಷ ಬಿತ್ತಿದ ಗೋಧಿ ಎಂದಿನಂತೆ ಬಂತು, ಮೊದಲ ಪುಟ ಹತ್ತನೆಯ ಸಲ ನನ್ನದೇ ಆಯಿತು. ಪುಸ್ತಕವನ್ನು ಗೋಡೆಯ ಆಚೆಗೆ ಕೇಳಿಸುವ ಹಾಗೆ ಗಂಡನಿಗೆ ಓದಿ ಹೇಳಿದೆ.

ಮರುವರ್ಷ ಅದೇ ಹೊಲ, ಅದೇ ಬೀಜ, ಅದೇ ಕೈ. ಪೈರು ಮೊಣಕಾಲಿಗೆ ಬರುವಾಗಲೇ ಕೆಳಗಿನ ಎಲೆಗಳು ಹಳದಿಗೆ ತಿರುಗಿದವು. ನೀರು ಹೆಚ್ಚಾಯಿತೇನೋ ಎಂದುಕೊಂಡೆ. ತೆನೆ ಬಂತು, ಆದರೆ ಕೈಗೆ ಹಗುರ. ಮಾದರಿಯ ಚೀಲ ಹಿಡಿದು ಸಂಘದ ಕೋಣೆಗೆ ಹೋದೆ. ಅಲ್ಲಿ ಕಿಟಕಿಯ ಕೆಳಗಿನ ಮೇಜಿನ ಮೇಲೆ ಐವತ್ತು ತೂತಿನ ಒಂದು ಕಬ್ಬಿಣದ ಹಲಗೆ ಇದೆ. ತೂತಿಗೊಂದು ಕಾಳು ನಿಲ್ಲಿಸಿ ಮೇಲಿನ ಬ್ಲೇಡು ಎಳೆದರೆ ಐವತ್ತೂ ಒಂದೇ ಸಲ ಕತ್ತರಿಸಿ ಹೊಟ್ಟೆ ತೋರಿಸುತ್ತವೆ. ಹತ್ತು ವರ್ಷ ಅದರ ಮುಂದೆ ನಾನು ಕಾಲ ಮೇಲೆ ಕಾಲು ಹಾಕಿ ಕೂತವಳು. ಗುಮಾಸ್ತ ಬ್ಲೇಡು ಎಳೆದ. ಕನ್ನಡಕ ಸರಿಮಾಡಿಕೊಂಡು ಎಣಿಸಿದ.

"ಮೂವತ್ತೊಂದು ಬಿಳಿ" ಅಂದ. ಮೆಲ್ಲಗೆ ಅಂದ, ಪಕ್ಕದವರಿಗೆ ಕೇಳಿಸದಿರಲೆಂದು. ಅವನ ಆ ಮರ್ಯಾದೆಯೇ ನನಗೆ ಮುಖಕ್ಕೆ ಹೊಡೆದಂತಾಯಿತು.

"ಇನ್ನೊಂದ್ಸಲ ಕತ್ತರಿಸಿ."

ಇನ್ನೊಂದು ಸಲ ಮೂವತ್ನಾಲ್ಕು. ಮೇಜಿನ ಆ ತುದಿಯಲ್ಲಿ ಇನ್ನೊಂದು ಮಾದರಿ ಚೀಲ ಇತ್ತು. ಅದರ ಬಾಯಿ ಕಟ್ಟಿದ್ದ ಬಗೆ ನನಗೆ ಗೊತ್ತು, ಎರಡು ಸುತ್ತು ಸುತ್ತಿ ಬಾಲ ಒಳಗೆ ಸಿಕ್ಕಿಸುವುದು. ಅಕ್ಕ ಕಲ್ಲಿನ ಹೊಲದಲ್ಲಿ ಮೊದಲ ವರ್ಷ ಪೂರ್ತಿ ಕಡಲೆ ಬಿತ್ತಿದ್ದಳು. ಎರಡನೆಯ ವರ್ಷ ಅರ್ಧದಲ್ಲಿ ಕಡಲೆ ಉಳಿಸಿ, ಇನ್ನರ್ಧದಲ್ಲಿ ಗೋಧಿ ಹಾಕಿದ್ದಳು. ಅವಳ ಐವತ್ತು ಕಾಳೂ ಹಲಗೆಯ ಮೇಲೆ ಜೇನಿನ ಹಾಗೆ ಹೊಳೆಯುತ್ತಿದ್ದವು. ನಾನು ನನ್ನ ಚೀಲ ಎತ್ತಿಕೊಂಡು ಹಿಂದಿನ ಬಾಗಿಲಿನಿಂದ ಹೊರಬಿದ್ದೆ.

ಸೋಲೊಪ್ಪುವ ಜಾಯಮಾನ ನನ್ನದಲ್ಲ. ಮೂರನೆಯ ವರ್ಷ ಯೂರಿಯಾ ಮೂಟೆ ಮೂಟೆ ಸುರಿದೆ. ಪೈರು ಕಪ್ಪಾಗುವಷ್ಟು ಹಸಿರಾಗಿ, ನನ್ನೆದೆಯುದ್ದ ಎದ್ದು ನಿಂತಿತು. ನನಗೂ ಕೋಡು ಮೂಡಿತು. ಕಾಳು ತುಂಬುವ ಹೊತ್ತಿಗೆ ಒಂದು ಸಂಜೆ ಗಾಳಿ ಬೀಸಿದ್ದೇ ನೆಪ, ಮೂರು ಎಕರೆ ನೆಲಕ್ಕೆ ಮಲಗಿತು. ಮತ್ತೆ ಏಳಲಿಲ್ಲ. ಮಲಗಿದ ಪೈರಿನ ಸೊರಗಿದ ಕಾಳು ಕೋಳಿಗಾಯಿತು. ಬದುವಿನ ಆಚೆ ಅವಳ ಕುಳ್ಳ ಗೋಧಿ ಅದೇ ಗಾಳಿಗೆ ತಲೆಯಾಡಿಸಿ ನಿಂತಿತ್ತು. ಅವಳು ನೋಡಿದಳು, ಏನೂ ಅನ್ನಲಿಲ್ಲ. ಅಂದಿದ್ದರೆ ನಾನೂ ಒಂದು ಅಂದು ಹಗುರಾಗುತ್ತಿದ್ದೆ.

ಆ ಬೇಸಿಗೆ ಮಣ್ಣು ಪರೀಕ್ಷೆಯವನು ಬಂದ. ಸದಾ ನೆಗಡಿ ಹಿಡಿದ ಸಣಕಲು ಮನುಷ್ಯ. ಎರಡೂ ಹೊಲದ ಮಣ್ಣನ್ನು ಕೊಳವೆಯಿಂದ ತೆಗೆದುಕೊಂಡು ಹೋಗಿ ಮೂರು ವಾರದ ಮೇಲೆ ಕಾಗದ ತಂದು ನನ್ನ ಊಟದ ಮೇಜಿನ ಮೇಲೆ ಹರಡಿದ. ನನ್ನ ಹೊಲದಲ್ಲಿ ಸಾರಜನಕ ತಳ ಮುಟ್ಟಿದೆ ಎಂದ.

"ಅಷ್ಟು ಯೂರಿಯಾ ಸುರಿದೆನಲ್ಲ" ಎಂದೆ.

"ಒಂದೇ ಸಲ ಸುರಿದ್ರೆ ಅರ್ಧ ಹುಲ್ಲಿಗೆ ಹೋಗುತ್ತೆ, ಅರ್ಧ ನೀರಲ್ಲಿ ಇಳಿದು ಹೋಗುತ್ತೆ. ಮೊದಲು ನೀವು ಪ್ರತಿ ಸಲ ಕಡಲೆ ಆದ ಹೊಲದಲ್ಲಿ ಗೋಧಿ ಬಿತ್ತಿದ್ರಿ ಅಲ್ವಾ? ಈಗ ಗೋಧಿ ಮೇಲೆ ಗೋಧಿ. ಕಡಲೆ ತನಗೆ ಬೇಕಾದ ಸಾರಜನಕದಲ್ಲಿ ಮುಕ್ಕಾಲನ್ನ ಗಾಳಿಯಿಂದಾನೇ ತಗೊಳ್ಳುತ್ತೆ. ಮಣ್ಣಲ್ಲಿರೋದು ಹಾಗೇ ಉಳಿಯುತ್ತೆ. ಬೇರು ಕೊಳೆತ ಮೇಲೆ ಇನ್ನಷ್ಟು ಸೇರುತ್ತೆ. ಅದನ್ನ ತಿನ್ನೋದು ಮುಂದಿನ ವರ್ಷದ ಗೋಧಿ."

"ಗಾಳಿಯಿಂದ ಹೇಗೆ ತಗೊಳ್ಳುತ್ತೆ? ಮೂಗಿದೆಯಾ ಅದಕ್ಕೆ?"

ಅವನು ಸೀನಿ, ಒರೆಸಿಕೊಂಡು, ಚೀಲದಿಂದ ಒಂದು ಬಾಟಲಿ ತೆಗೆದ. ಔಷಧದ ನೀರಿನಲ್ಲಿ ಮುಳುಗಿಸಿಟ್ಟ ಕಡಲೆ ಗಿಡದ ಬೇರು. ಬೇರಿನ ತುಂಬ ಜೋಳದ ಕಾಳಿನಷ್ಟು, ಸಾಸಿವೆಯಷ್ಟು ಸಣ್ಣ ಸಣ್ಣ ಉಬ್ಬುಗಳು. "ನಿಮ್ಮ ಅಕ್ಕನೋರ ಹೊಲದ್ದು, ಅವರೇ ಅಗೆದು ಕೊಟ್ರು. ಇದೇ ಗಂಟು" ಎಂದ. "ಇದರೊಳಗೆ ಕಣ್ಣಿಗೆ ಕಾಣದ ಜೀವಿಗಳಿವೆ, ಗಾಳಿ ಹಿಡಿದು ಗಿಡಕ್ಕೆ ಕೊಡೋದು ಅವೇ. ಹೂ ಬಿಡೋವಾಗ ಉಗುರಲ್ಲಿ ಒತ್ತಿದ್ರೆ ಒಳಗೆ ಕೆಂಪಗಿರ್ಬೇಕು, ಕೆಲ್ಸ ಮಾಡ್ತಿವೆ ಅಂತ ಅರ್ಥ. ನಿಮ್ಮ ಅಕ್ಕನೋರು ಕೊಯ್ಲಲ್ಲಿ ಗಂಟು ಹೊಲದಲ್ಲೇ ಬಿಡ್ತಾರೆ, ಕೀಳಲ್ಲ. ನಿಮ್ಮ ಅತ್ತೆ ಹೇಳಿಕೊಟ್ಟಿದ್ದಂತೆ."

ಅವನು ಇನ್ನೂ ಏನೇನೋ ಹೇಳಿದ. ನನಗೆ ಕೇಳಿಸಿದ್ದು ಅಲ್ಲಿಯವರೆಗೆ ಮಾತ್ರ. ಅವನು ಹೋದ ಮೇಲೂ ನಾನು ಕುರ್ಚಿಯಿಂದ ಏಳಲಿಲ್ಲ. ಸರ ಬಾವಿಗೇ ಹೋಗಿತ್ತು. ಚಿಕ್ಕವಳಿಗ್ಯಾಕೆ, ಅವಳು ಬಿತ್ತೋದು ಗೋಧಿ ತಾನೆ. ಹೌದಲ್ಲ, ಗೋಧಿಯ ಬೇರಿನಲ್ಲಿ ಗಂಟೆಲ್ಲಿದೆ ಬಿಡುವುದಕ್ಕೆ? ನನ್ನ ಹತ್ತು ಮೊದಲ ಪುಟಗಳು ಗೋಡೆಯ ಮೇಲಿದ್ದವು, ಚೌಕಟ್ಟು ಹಾಕಿಸಿದ್ದೆ. ಒಂದೊಂದರಲ್ಲೂ ನಾನು ಕೈಗುಣ ಎಂದಿದ್ದೆ. ಅವಳು ಮೈ ಬಗ್ಗಿಸಿ ಬಿಟ್ಟುಹೋದದ್ದನ್ನು ನಾನು ವರ್ಷ ವರ್ಷ ಗೋರಿಕೊಂಡು, ಮೇಲಿಂದ ಅವಳನ್ನೇ ಕಳ್ಳಿ ಎಂದಿದ್ದೆ. ನಾಚಿಕೆಗಿಂತ ಹೆಚ್ಚಾಗಿ ನನಗೆ ಬಂದದ್ದು ಸಿಟ್ಟು. ಅವಳಿಗೆ ಎಲ್ಲ ಗೊತ್ತಿತ್ತು. ಬದುವಿನ ಮೇಲೆ ಆ ಬೇರನ್ನು ನನ್ನ ಮೂಗಿಗೆ ಹಿಡಿದು ಇದು ಕಣೆ ಗಂಟು ಎಂದಿದ್ದರೆ ಮುಗಿಯುತ್ತಿತ್ತು.

ಬಿತ್ತನೆಗೆ ಹದಿನೈದು ದಿನ ಇರುವಾಗ ಮರ್ಯಾದೆ ಬಿಟ್ಟು ಅವಳ ಬಾಗಿಲಿಗೆ ಹೋದೆ. ಅವಳು ಹೊಗೆಯಲ್ಲಿ ಕೂತು ಕಡಲೆ ಆರಿಸುತ್ತಿದ್ದಳು. ಬಾ ಎನ್ನಲಿಲ್ಲ.

"ಅಕ್ಕ, ಹೊಲ ಮೊದಲಿನ ಹಾಗೆ ಅದಲು ಬದಲು ಮಾಡ್ಕೊಳ್ಳೋಣ. ನೀವು ಹೇಳಿದ ಹಾಗೆ."

"ನಾನೇನೂ ಹೇಳಿಲ್ವಲ್ಲ. ಬೇಕಾದಾಗ 'ನೀವು' ಅಂತೀಯ." ಅವಳು ತಲೆ ಎತ್ತಲಿಲ್ಲ. "ಗಂಟು ಸಿಕ್ತಾ?"

"ಅವತ್ತೇ ಹೇಳ್ಬಹುದಾಗಿತ್ತು ನೀವು. ಹನ್ನೊಂದು ವರ್ಷ ಸುಮ್ಮನಿದ್ರಿ. ಯಾಕೆ?"

ಈಗ ತಲೆ ಎತ್ತಿದಳು. "ಮೊದಲು ಹೇಳೋಣ ಅಂತಿದ್ದೆ. ನೀನು ಕೈಗುಣ ಅಂತ ಶುರು ಮಾಡ್ದೆ. ಅಪ್ಪನ ಮನೆ ಅಂದೆ. ಆಮೇಲೆ ನೀನು ಬೀಗೋದನ್ನ ನೋಡೋದೇ ನಂಗೆ ಚೆನ್ನಾಗಿತ್ತು. ಇವಳು ತಿಂತಿರೋದು ನನ್ನ ಎಂಜಲು, ಇವಳಿಗೆ ಗೊತ್ತಿಲ್ಲ ಅಂತ. ಅದೇ ಸಾಕಾಗಿತ್ತು ನಂಗೆ." ಮೊರದಲ್ಲಿದ್ದ ಒಂದು ಹುಳುಕು ಕಾಳನ್ನು ಎತ್ತಿ ನನ್ನ ಕಾಲ ಬಳಿ ಎಸೆದಳು. "ಹೊಲ ಬದಲಾಯ್ಸಲ್ಲ. ಕಲ್ಲು ನೆಡ್ಸಿದ್ದು ನೀನು."

ಹೀಗಿದೆ ನಿಮ್ಮ ಸಂಘದ ಮೊದಲ ಪುಟದ ಹೆಂಗಸು. ಒಬ್ಬರಿಗೆ ಹನ್ನೊಂದು ವರ್ಷ ಉಣ್ಣಿಸಿ, ಆ ಉಣ್ಣಿಸಿದ್ದನ್ನೇ ಒಳಗೊಳಗೆ ಚಪ್ಪರಿಸಿಕೊಂಡು ಕೂತವಳು.

ಆ ವರ್ಷ ನಾನು ಕಡಲೆ ಬಿತ್ತಿದೆ, ನಾಲ್ಕೂ ಎಕರೆ. ಬೀಜ ಅವಳಿಂದ ಕೊಳ್ಳದೆ ದೂರದಿಂದ ತರಿಸಿದೆ. ಹೂ ಬಿಟ್ಟಾಗ ಯಾರೂ ಇಲ್ಲದ ಹೊತ್ತು ನೋಡಿ ಹೊಲದ ಮಧ್ಯೆ ಕುಕ್ಕರುಗಾಲಲ್ಲಿ ಕೂತೆ. ಸಣ್ಣ ಸಲಿಕೆಯಿಂದ ಒಂದು ಗಿಡ ಎಬ್ಬಿಸಿ, ಚೊಂಬಿನಲ್ಲಿ ಬೇರು ತೊಳೆದು, ಒಂದು ಗಂಟನ್ನು ಉಗುರಿನಿಂದ ಒತ್ತಿದೆ. ಒಳಗೆ ಕೆಂಪಗಿತ್ತು. ಉಗುರಿನ ಸಂದಿಗೆ ಬಣ್ಣ ಹತ್ತಿತು. ಬದುವಿನ ಮರದ ಹಿಂದೆ ಯಾರಾದರೂ ಇದ್ದಾರೆಯೇ ಎಂದು ತಿರುಗಿ ನೋಡಿದೆ. ಇರಲಿಲ್ಲ. ಗಿಡವನ್ನು ಮತ್ತೆ ಮಣ್ಣಿನಲ್ಲಿ ಮುಚ್ಚಿದೆ.

ಕೊಯ್ಲಿಗೆ ಆಳುಗಳು ಬಂದು ಗಿಡ ಕೀಳಲು ಕೈ ಹಾಕಿದರು. ಕೀಳಬೇಡಿ, ಕೊಯ್ಯಿರಿ ಎಂದೆ. ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. "ಇವರಿಗೂ ಆ ಹುಚ್ಚು ಹತ್ಕೊಂಡ್ತಲ್ಲ" ಎಂದಳು ಒಬ್ಬಳು. ಮಧ್ಯಾಹ್ನಕ್ಕೆ ಅರ್ಧ ಜನ ಎದ್ದುಹೋದರು. ಉಳಿದದ್ದನ್ನು ನಾಲ್ಕು ದಿನ ನಾನೇ ಬಗ್ಗಿ ಕೊಯ್ದೆ. ಗಿಡದ ಹುಳಿ ಸೀಳಿದ ಅಂಗೈಗೆ ಇಳಿದು, ಊಟಕ್ಕೆ ಕೂತರೆ ತಟ್ಟೆ ಮುಟ್ಟಲಾಗುತ್ತಿರಲಿಲ್ಲ. ಸೊಂಟ ನೆಟ್ಟಗೆ ಮಾಡಿದರೆ ಕಣ್ಣು ಕತ್ತಲೆ ಬರುತ್ತಿತ್ತು. ಕೊಯ್ಯುವಾಗ ತಲೆಯಲ್ಲಿದ್ದದ್ದು ಒಂದೇ. ಈ ಗಂಟೆಲ್ಲ ಮುಂದಿನ ವರ್ಷ ನನ್ನ ಗೋಧಿಗೆ, ಬೇರೆ ಯಾರಿಗೂ ಅಲ್ಲ.

ನಾಲ್ಕನೆಯ ದಿನ ಕೊನೆಯ ಸಾಲಿನಲ್ಲಿದ್ದೆ. ಬದುವಿನ ಆಚೆ ಅವಳ ಕೊಯ್ಲು ಮುಗಿದಿತ್ತು. ತವರಿನ ಕುಡುಗೋಲು ಕೈಯಲ್ಲಿ ಹಿಡಿದು ಬದುವಿನ ಮೇಲೆ ಬಂದು ನಿಂತಳು. ನನ್ನ ಹೊಲದ ತುಂಬ ನಿಂತ ಬೆರಳುದ್ದದ ಕೂಳೆಗಳನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿದಳು.

"ಬೇರನ್ನೆಲ್ಲಾ ಒಳಗೇ ಬಿಟ್ಟಿದೀಯ" ಅಂದಳು.

ನಾನು ಮುಂದಿನ ಬುಡಕ್ಕೆ ಕುಡುಗೋಲು ಹಾಕಿದೆ.

"ಹಾಗಾದ್ರೆ ಈಗ ಬದಲಾಯಿಸ್ಕೊಳ್ಳೋಣ. ನಿನ್ನ ಹೊಲ ನಂಗೆ ಕೊಡು, ಮುಂದಿನ ವರ್ಷ ಗೋಧಿ ಹಾಕ್ತೀನಿ."

ನೆತ್ತಿಗೇರಿದ ಸಿಟ್ಟಿನಲ್ಲಿ ಉರಿಯುವ ಕೈಯೆತ್ತಿ ಕೇಳಿದೆ, "ಏನು, ನಿಮ್ಮಪ್ಪನ ಗಂಟಾ?"

ಅವಳು ಬದು ಇಳಿದು ಬಂದು, ಎತ್ತಿದ ನನ್ನ ಕೈಯನ್ನು ಹಿಡಿದು ತಿರುಗಿಸಿ ಅಂಗೈ ನೋಡಿದಳು, ಮೊದಲ ದಿನ ನೋಡಿದ ಹಾಗೆಯೇ. ಈ ಸಲ ಏನೂ ಅನ್ನಲಿಲ್ಲ. ಕೈ ಬಿಟ್ಟು ತಿರುಗಿ ನಡೆದವಳು ಬದುವಿನ ಮೇಲೆ ನಿಂತು, ಬೆನ್ನು ಹಾಕಿಕೊಂಡೇ ಹೇಳಿದಳು, "ಹನ್ನೊಂದು ವರ್ಷ ತಗೊಂಡೆಯಲ್ಲ, ಒಂದ್ಸಲಾನಾದ್ರೂ ನಾನು ಹಾಗೆ ಕೇಳಿದ್ನಾ?"